ಮಿಲಿಟರಿ ಡಾಕ್ಟರ್ ಆಗ್ತೀನಿ ಅಂದವಳು

ಹಿರಿಯರ ಹಬ್ಬಕ್ಕೆ ಊರಿಗೆ ಹೋಗಿದ್ದೆ. 2024ರ ಅಕ್ಟೋಬರ್ 2, ಮಹಾಲಯ ಅಮಾವಾಸ್ಯೆ. ಹುಣಸೂರಿನಿಂದ ಎಚ್.ಡಿ. ಕೋಟೆ ಕಡೆಗೆ ತಿರುಗಿದರೆ ಆ ಕಾಲದಲ್ಲಿ ದಾರಿಯುದ್ದಕ್ಕೂ ಬ್ಯಾರನ್ ಹೊಗೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೇರಿದರೆ ಅದು ಹೊಗೆಸೊಪ್ಪಿನ ಸೀಮೆ. ಬೆಂಗಳೂರಿನಲ್ಲಿ ಆಫೀಸಿನ ಹೊರಗೆ ಟೀ ಜೊತೆ ನೀವು ಹಚ್ಚೋ ಸಿಗರೇಟಿನಲ್ಲಿ ನಮ್ಮಣ್ಣ ಬೇಯಿಸಿದ ಸೊಪ್ಪೂ ಇರಬಹುದು, ಯಾರು ಕಂಡರು.

ಅಣ್ಣ ಅಂದರೆ ದೊಡ್ಡಪ್ಪನ ಮಗ. ಅವನ ಮಗಳು ಮೈಸೂರಿನಲ್ಲಿ ಎಂಬಿಬಿಎಸ್ ಕೊನೇ ವರ್ಷ. ನಮ್ಮ ಮನೆತನದಲ್ಲಿ ಮೊದಲ ಡಾಕ್ಟರು. ಗಾಂಧಿ ಜಯಂತಿಯೂ ಅವತ್ತೇ ಬಿದ್ದಿದ್ದರಿಂದ ಮಾಂಸದಂಗಡಿ ಮುಚ್ಚಿ, ಬಾಡೂಟ ಮಾರನೇ ದಿನಕ್ಕೆ ಹೋಗಿತ್ತು. ಮಾರನೇ ದಿನ ಎಲ್ಲರೂ ಪಂಕ್ತಿಯಲ್ಲಿ ಕೂತು ಮುದ್ದೆ ಮುರಿಯುತ್ತಿರುವಾಗ ಅವಳು ನಿಧಾನಕ್ಕೆ ಅಂದಳು, "ಚಿಕ್ಕಪ್ಪ, ಇಂಟರ್ನ್‌ಶಿಪ್ ಮುಗಿದ ಮೇಲೆ ನಾನು ಆರ್ಮಿಗೆ ಅಪ್ಲೈ ಮಾಡ್ತೀನಿ. ಮೆಡಿಕಲ್ ಕೋರ್. ಶಾರ್ಟ್ ಸರ್ವಿಸ್."

ನನ್ನನ್ನು ನೋಡಿ ಹೇಳಿದರೂ ಅದು ಹೇಳಿದ್ದು ಅವರಮ್ಮನಿಗೆ ಅಂತ ಎಲ್ಲರಿಗೂ ಗೊತ್ತಾಯಿತು. ಅತ್ತಿಗೆ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ಡಾಕ್ಟ್ರು ಓದ್ಸಿದ್ದು ಗಡಿಗೆ ಕಳ್ಸಕ್ಕಾ?"

ದೊಡ್ಡವ್ವ ಮೂಲೆಯಿಂದಲೇ, "ಮಿಲ್ಟ್ರಿಗೆ ಗಂಡುಡುಗ್ರು ಹೋಯ್ತಾರೆ ಕಣವ್ವ, ಇವ್ಳೇನ್ ಮಾಡಾಳು ಅಲ್ಲಿ?" ಅಂದರು.

ಹುಡುಗಿ ಮೊಬೈಲ್ ತೆಗೆದು ಸುದ್ದಿ ತೋರಿಸಿದಳು. ಹಬ್ಬದ ಹಿಂದಿನ ದಿನ, ಅಕ್ಟೋಬರ್ 1ಕ್ಕೆ, ಸರ್ಜನ್ ವೈಸ್ ಅಡ್ಮಿರಲ್ ಆರತಿ ಸರೀನ್ ಮೂರೂ ಸೇನೆಗಳ ವೈದ್ಯಕೀಯ ಸೇವೆಯ ಮಹಾನಿರ್ದೇಶಕಿಯಾಗಿ ಅಧಿಕಾರ ವಹಿಸಿಕೊಂಡಿದ್ದರು. ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು. ದೊಡ್ಡವ್ವ ಫೋಟೋವನ್ನು ಹತ್ತಿರ ಹಿಡಿದು ನೋಡಿ, "ಇವ್ಳ ಮನೆಯವ್ರು ಯಾರು?" ಅಂತ ಕೇಳಿದರು. ಮಾತು ಅಲ್ಲಿಗೆ ನಿಂತಿತು. ಅಣ್ಣ ಒಂದು ಮಾತೂ ಆಡಲಿಲ್ಲ. ಊಟ ಮುಗಿಸಿ ಬ್ಯಾರನ್‌ಗೆ ಸೌದೆ ಹಾಕಲು ಎದ್ದು ಹೋದ.

ಬೆಂಗಳೂರಿನಲ್ಲಿರೋನು, ತಿಳಿದೋನು, ನೀನೇ ಬುದ್ಧಿ ಹೇಳು ಅಂತ ಸಂಜೆ ನನ್ನ ಮೇಲೆ ಬಿತ್ತು. ನಾನು ಹೇಳುವ ಬುದ್ಧಿಯ ಯೋಗ್ಯತೆ ನನಗೆ ಗೊತ್ತು. ಪಿಯುಸಿಯಲ್ಲಿದ್ದಾಗ ಪುಣೆಯ ಆರ್ಮ್ಡ್ ಫೋರ್ಸಸ್ ಮೆಡಿಕಲ್ ಕಾಲೇಜಿನ ಅರ್ಜಿ ನಾನೂ ತರಿಸಿದ್ದೆ. ಆಗ ಅವರದ್ದೇ ಬೇರೆ ಪ್ರವೇಶ ಪರೀಕ್ಷೆ ಇತ್ತು. ಫೀಸಿಲ್ಲ, ಊಟ-ವಸತಿ ಸರಕಾರದ್ದು, ಓದಿ ಮುಗಿದರೆ ಕೆಲಸ. ಅರ್ಜಿಯಲ್ಲಿ ಅರ್ಧ ತುಂಬಿ, ಯಾರನ್ನು ಕೇಳೋದು ಅಂತ ಗೊತ್ತಾಗದೆ ಟ್ರಂಕಿನಲ್ಲಿ ಇಟ್ಟವನು ಇಂಜಿನಿಯರಿಂಗ್ ಸೇರಿಕೊಂಡೆ. ಆ ಕಾಗದ ಎಷ್ಟೋ ವರ್ಷ ಅಲ್ಲೇ ಇತ್ತು.

ಅವಳನ್ನು ಹಿತ್ತಲಿಗೆ ಕರೆದು ಕೇಳಿದೆ, ಯಾಕೆ ಅಂತ. ದೇಶ, ಸೇವೆ, ಸಮವಸ್ತ್ರ ಅಂತೇನೋ ಬರುತ್ತೆ ಅಂದುಕೊಂಡಿದ್ದೆ.

"ಸಂಬಳ ಚಿಕ್ಕಪ್ಪ. ಮೊದಲನೇ ತಿಂಗಳಿಂದ ಕೈಗೆ ಬರುತ್ತೆ. ಪಿಜಿ ಎಂಟ್ರೆನ್ಸಿಗೆ ಅಂತ ಎರಡು ವರ್ಷ ಮನೇಲಿ ಕೂತು ಓದೋಕೆ ನಂಗಾಗಲ್ಲ, ದುಡ್ಡು ಕೊಟ್ಟು ಸೀಟು ಕೊಡ್ಸೋಕೆ ಅಪ್ಪಂಗಾಗಲ್ಲ. ಆಮೇಲೆ ಇಲ್ಲೇ ಇದ್ರೆ ಮುಂದಿನ ವರ್ಷ ಗಂಡು ನೋಡೋಕೆ ಶುರು ಮಾಡ್ತಾರೆ."

ನಿಜ ಹೇಳ್ತೀನಿ, ನನಗೆ ಸ್ವಲ್ಪ ಬೇಜಾರಾಯಿತು. ಇಷ್ಟೇನಾ ಅನ್ನಿಸಿತು. ಆ ಬೇಜಾರು ಸರಿಯೋ ತಪ್ಪೋ ಅಂತ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಬೆಂಗಳೂರಿಗೆ ವಾಪಸಾದ ಮೇಲೆ ಒಂದು ತಿಂಗಳು ರಾತ್ರಿ ಹೊತ್ತು ಕೂತು, ಸೈನ್ಯದ ವೈದ್ಯರು ಅನ್ನೋ ಜನ ಯಾರು, ಎಲ್ಲಿಂದ ಬಂದರು, ಯಾಕೆ ಸೇರಿದರು ಅಂತ ಓದಿದೆ. ಮೊದಲನೇ ವಾರದಲ್ಲೇ ಒಬ್ಬ ಸಿಕ್ಕಿದ. ನಮ್ಮ ಊರಿನ ದಾರಿಯಲ್ಲೇ ಸಿಕ್ಕಿದ.

ಫ್ರಾನ್ಸಿಸ್ ಬುಕಾನನ್. 1762ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದವನು. ಮನೆಯ ಜಮೀನು ಅಣ್ಣನಿಗೆ ಹೋಗುವುದಿತ್ತು, ಇವನಿಗೆ ಹೊಟ್ಟೆಪಾಡಿನ ದಾರಿ ಬೇಕಿತ್ತು. ಎಡಿನ್‌ಬರೋದಲ್ಲಿ ವೈದ್ಯ ಓದಿದ, 1783ರಲ್ಲಿ ಡಿಗ್ರಿ ಪಡೆದ. ಕಾಲೇಜಿನಲ್ಲಿ ಅವನ ಮನಸ್ಸೆಲ್ಲ ಜಾನ್ ಹೋಪ್ ಅನ್ನುವ ಮೇಷ್ಟರ ಸಸ್ಯಶಾಸ್ತ್ರದ ಪಾಠದ ಮೇಲೆ. ಗಿಡ ನೋಡಿಕೊಂಡು ಇರುತ್ತೀನಿ ಅಂದರೆ ಸಂಬಳ ಯಾರು ಕೊಡ್ತಾರೆ? ಹಡಗಿನ ಡಾಕ್ಟರಾಗಿ ಏಷ್ಯಾಕ್ಕೆ ಓಡಾಡಿದ. 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ವೈದ್ಯಕೀಯ ಸೇವೆ ಸೇರಿದ. ಅದು ಮೊದಲಿಗೆ ಸೈನ್ಯಕ್ಕಾಗಿ ಇದ್ದ ಸೇವೆ. ಯುದ್ಧವಿಲ್ಲದಾಗ ಅದರ ಡಾಕ್ಟರುಗಳನ್ನು ಕಂಪನಿ ಜೈಲು, ಆಸ್ಪತ್ರೆ, ಸರ್ವೆ, ತೋಟ ಅಂತ ಎಲ್ಲಿಗೆ ಬೇಕಾದರೂ ಕಳಿಸುತ್ತಿತ್ತು. ಓದಿದವರು, ಬರೆಯಲು ಬಲ್ಲವರು ಅಂತ ಇದ್ದವರು ಅವರೇ.

1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಕೈಗೆ ಬಂದ ನಾಡಿನಲ್ಲಿ ಏನೇನಿದೆ ಅಂತ ತಿಳಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿ ಮರುವರ್ಷ ಈ ಡಾಕ್ಟರನನ್ನು ಕಳಿಸಿದ. ಬುಕಾನನ್ ಮದ್ರಾಸಿನಿಂದ ಹೊರಟು ಮೈಸೂರು ಸೀಮೆ, ಕೊಯಮತ್ತೂರು, ಮಲಬಾರು, ಕನ್ನಡ ಜಿಲ್ಲೆಗಳನ್ನೆಲ್ಲ ಸುತ್ತಿ ದಿನಚರಿ ಬರೆದ. 1807ರಲ್ಲಿ ಅದು ಮೂರು ದಪ್ಪ ಸಂಪುಟವಾಗಿ ಬಂತು. ಅದರಲ್ಲಿ ನಮ್ಮ ಸೀಮೆ ಇದೆ. ಪಿರಿಯಾಪಟ್ಟಣವನ್ನು ಅವನು "ಪ್ರಿಯಪಟ್ಟಣ" ಅಂತ ಬರೆದುಕೊಂಡ, ಕೇಳಲು ಚೆನ್ನಾಗೇ ಇದೆ. ಯುದ್ಧದಲ್ಲಿ ಹಾಳಾದ ಕೋಟೆ, ಅದರೊಳಗೆ ಸೇರಿಕೊಂಡ ಹುಲಿಗಳು, ಕಾಡಿನ ಗಂಧದ ಮರ, ಹೆಗ್ಗಡದೇವನಕೋಟೆಯ ಹಳೇ ಕಥೆ, ಯಾವ ಮಣ್ಣಿಗೆ ಯಾವ ಬೆಳೆ, ಕಂದಾಯ ಎಷ್ಟು. ಪ್ರತಿ ಮೊಕ್ಕಾಮಿನಲ್ಲೂ ಊರಿನವರನ್ನು ಕೂರಿಸಿಕೊಂಡು ಕೇಳುತ್ತಾನೆ, ಬರೆಯುತ್ತಾನೆ.

ಬುಕಾನನ್ ವಿಷಯದಲ್ಲಿ ನನಗೆ ಎರಡು ಮನಸ್ಸು. ನಮ್ಮ ಮುತ್ತಜ್ಜಂದಿರ ಕಾಲದ ಹೊಲ ಹೇಗಿತ್ತು ಅಂತ ಇವತ್ತು ನಮಗೆ ಇಷ್ಟಾದರೂ ಗೊತ್ತಿರೋದು ಅವನಿಂದ. ಆದರೆ ಅವನು ನೋಡಿದ್ದು ಕಂಪನಿಯ ಕಣ್ಣಲ್ಲಿ. ನಾಡಿ ಹಿಡಿಯುವ ಕೈ ನಮ್ಮ ಸೀಮೆಯಲ್ಲಿ ಲೆಕ್ಕ ಬರೆಯಿತು. ಡಾಕ್ಟರಾದವನಿಗೆ ಎರಡು ಯಜಮಾನಿಕೆ ಇರುತ್ತೆ, ಮುಂದೆ ಮಲಗಿರುವ ರೋಗಿಯದ್ದು ಒಂದು, ಸಂಬಳ ಕೊಡುವವನದ್ದು ಇನ್ನೊಂದು. ಸೈನ್ಯದಲ್ಲಿ ಆ ಎರಡನೆಯದು ಸ್ವಲ್ಪ ಗಟ್ಟಿ ದನಿಯಲ್ಲಿ ಮಾತಾಡುತ್ತೆ.

ಅಂದ ಹಾಗೆ ಹುಣಸೂರೂ ಸೈನ್ಯದ ಊರೇ ಆಗಿತ್ತು. ಅಮೃತಮಹಲ್ ದನಗಳ ಇಲಾಖೆಯ ಕೇಂದ್ರ ಇದ್ದದ್ದು ಅಲ್ಲಿ. ಹತ್ತೊಂಬತ್ತನೇ ಶತಮಾನದಲ್ಲಿ ಮದ್ರಾಸ್ ಸೈನ್ಯಕ್ಕೆ ಬೇಕಾದ ಚರ್ಮದ ಸಾಮಾನು, ಕಂಬಳಿ, ಗಾಡಿ ಅಲ್ಲೇ ತಯಾರಾಗುತ್ತಿದ್ದವು. ಫಿರಂಗಿ ಎಳೆಯುವ ಎತ್ತು, ಬೂಟು, ಕಂಬಳಿ ಎಲ್ಲ ನಮ್ಮಲ್ಲಿಂದ ಹೋದವು. ಡಾಕ್ಟರು ಮಾತ್ರ ಹೋಗಲಿಲ್ಲ. ಹೋಗಲು ಬಾಗಿಲೇ ಇರಲಿಲ್ಲ.

ಇನ್ನೊಬ್ಬನ ಕಥೆ ನಿಮಗೆ ಶಾಲೆಯಲ್ಲೇ ಗೊತ್ತು, ಅರ್ಧ ಮಾತ್ರ. ರೊನಾಲ್ಡ್ ರಾಸ್, ಮಲೇರಿಯಾ ಸೊಳ್ಳೆಯಿಂದ ಹರಡುತ್ತೆ ಅಂತ ತೋರಿಸಿ 1902ರಲ್ಲಿ ನೊಬೆಲ್ ಪಡೆದವನು. ಉಳಿದರ್ಧ ನಮ್ಮಂಥವರು ಓದಬೇಕಾದ್ದು. 1857ರಲ್ಲಿ ಆಲ್ಮೋರಾದಲ್ಲಿ ಹುಟ್ಟಿದ. ಅಪ್ಪ ಸೈನ್ಯದಲ್ಲಿ ಜನರಲ್. ಹುಡುಗನಿಗೆ ಕವಿತೆ, ಚಿತ್ರ, ಲೆಕ್ಕದ ಹುಚ್ಚು. ಅಪ್ಪನಿಗೆ ಮಗ ಡಾಕ್ಟರಾಗಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಬೇಕು ಅಂತ ಹಟ. 1874ರಲ್ಲಿ ಲಂಡನ್ನಿನ ಸೇಂಟ್ ಬಾರ್ಥೊಲೊಮ್ಯೂ ಆಸ್ಪತ್ರೆಯ ಕಾಲೇಜಿಗೆ ಹಾಕಿದರು. ಓದಿನಲ್ಲಿ ಅಷ್ಟಕ್ಕಷ್ಟೇ. ಒಂದು ಪರೀಕ್ಷೆ ಪಾಸು, ಇನ್ನೊಂದು ಎರಡನೇ ಸಲಕ್ಕೆ ಪಾಸು, ನಡುವೆ ಹಡಗಿನಲ್ಲಿ ಡಾಕ್ಟರಿಕೆ. 1881ರಲ್ಲಿ ಐಎಂಎಸ್ ಪರೀಕ್ಷೆಯಲ್ಲಿ ಆಯ್ಕೆಯಾದ 22 ಜನರಲ್ಲಿ ಇವನು 17ನೆಯವನು. ಅಪ್ಪನ ಬಲವಂತಕ್ಕೆ ಕಾಲೇಜು ಸೇರಿದ ಹುಡುಗರು ನಮ್ಮ ಬ್ಯಾಚಿನಲ್ಲೂ ಎಷ್ಟು ಜನ ಇದ್ದರು ಅಂತ ನೆನೆದು ನಗು ಬಂತು.

1883ರಲ್ಲಿ ಬೆಂಗಳೂರು ದಂಡಿನ ಹಂಗಾಮಿ ಸರ್ಜನ್ನಾಗಿ ಬಂದ ರಾಸ್‌ಗೆ ಬಂಗಲೆಯಲ್ಲಿ ಸೊಳ್ಳೆ ಕಾಟ. ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯೊಳಗೆ ನೋಡಿದರೆ ಮರಿಗಳು. ನೀರು ಚೆಲ್ಲಿಸಿದ, ಸೊಳ್ಳೆ ಕಡಿಮೆಯಾಯಿತು. ಎಲ್ಲ ಕಡೆಯೂ ಹೀಗೇ ಮಾಡೋಣ ಅಂತ ಅಡ್ಜುಟೆಂಟ್ ಹತ್ತಿರ ಹೇಳಿದರೆ ಆ ಆಸಾಮಿ ಒಪ್ಪಲಿಲ್ಲ. ಸೊಳ್ಳೆಯನ್ನೂ ಏನೋ ಒಂದು ಉದ್ದೇಶಕ್ಕೆ ಸೃಷ್ಟಿ ಮಾಡಿರಬೇಕಲ್ಲ ಅನ್ನುವ ಧಾಟಿ. ಆಮೇಲೆ 14 ವರ್ಷಕ್ಕೆ, 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣು ಕಂಡಿತು. ಆ ಸೊಳ್ಳೆಗಳಿಗೆ ರಕ್ತ ಕೊಟ್ಟವನು ಹುಸೇನ್ ಖಾನ್ ಅನ್ನುವ ರೋಗಿ. ಕಚ್ಚಿಸಿಕೊಂಡ ಪ್ರತಿ ಸೊಳ್ಳೆಗೆ ಒಂದಾಣೆ.

ಎಚ್.ಡಿ. ಕೋಟೆಯ ಕಾಡಂಚಿನ ಮನೆಗಳಲ್ಲಿ ಚಳಿಜ್ವರ ಅಂದರೆ ಏನು ಅಂತ ದೊಡ್ಡವ್ವನನ್ನು ಕೇಳಿ. ಕಂಬಳಿ ಮೇಲೆ ಕಂಬಳಿ ಹೊದಿಸಿ, ಅದರ ಮೇಲೆ ಇಬ್ಬರು ಮಲಗಿ ಅದುಮಿ ಹಿಡಿದುಕೊಳ್ಳುತ್ತಿದ್ದ ಕಥೆ ಹೇಳುತ್ತಾರೆ. ಅದನ್ನು ಹಿಡಿದ ಮನುಷ್ಯ ದೇಶ ಉದ್ಧಾರ ಮಾಡಲು ಸೈನ್ಯ ಸೇರಿದವನಲ್ಲ. ಅಪ್ಪನ ಬಾಯಿಗೆ ಹೆದರಿ ಸೇರಿದವನು.

ಭಾರತೀಯರಿಗೆ ಬಾಗಿಲು ತೆರೆದದ್ದು 1855ರಲ್ಲಿ, ಐಎಂಎಸ್‌ಗೆ ಲಂಡನ್ನಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆ ಶುರುವಾದಾಗ. ಮೊದಲ ಸಲವೇ ಪಾಸಾದವನು ಬಂಗಾಳದ ಸೂರ್ಯಕುಮಾರ ಚಕ್ರವರ್ತಿ. ಪರೀಕ್ಷೆ ಮುಕ್ತವಾಗಿತ್ತು, ಸರಿ. ಆದರೆ ಲಂಡನ್ನಿಗೆ ಹೋಗಿ ಬರೆಯಬೇಕು. ಯಡತೊರೆಯ ಹುಡುಗನೊಬ್ಬ ಕಡಲು ದಾಟಿ ಹೋಗಿ ಬರೆದು ಬರುವ ಖರ್ಚನ್ನು ಲೆಕ್ಕ ಹಾಕಿ ನೋಡಿ. ಕೋಚಿಂಗ್, ಸೆಂಟರು, ಪ್ರಯಾಣ ಇವೇ ಅರ್ಧ ಪರೀಕ್ಷೆ ಅನ್ನೋದು ಇವತ್ತಿನ ಕಥೆ ಮಾತ್ರ ಅಲ್ಲ.

ನಮ್ಮ ಕಡೆಗೆ ಆ ಬಾಗಿಲು ಹತ್ತಿರವಾದದ್ದು 1924ರಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಮೈಸೂರು ಮೆಡಿಕಲ್ ಕಾಲೇಜು ಬೆಂಗಳೂರಿನಲ್ಲಿ ಶುರುವಾಯಿತು, 1930ರಲ್ಲಿ ಮೈಸೂರಿಗೆ ಬಂತು. ಹಳೇ ಯಡತೊರೆಯ ಪಕ್ಕ ಎದ್ದ ಹೊಸ ಊರಿಗೂ ಅವರದ್ದೇ ಹೆಸರು, ಕೃಷ್ಣರಾಜನಗರ. ಅತ್ತಿಗೆಯ ತವರು ಅದೇ. ನೀರಾವರಿ ಕಡೆಯ ಹೆಣ್ಣನ್ನು ಹೊಗೆಸೊಪ್ಪಿನ ಬೆಂಗಾಡಿಗೆ ಕೊಟ್ಟರು ಅಂತ ಈಗಲೂ ವರ್ಷಕ್ಕೆರಡು ಸಲ ಹೇಳುತ್ತಾರೆ. ದೂರ ಕಳಿಸೋದು ಅಂದರೆ ಅವರಿಗೆ ಏನು ಅನ್ನೋದು ಅಲ್ಲಿಂದ ಅರ್ಥ ಮಾಡಿಕೊಳ್ಳಬೇಕು.

ಎರಡನೇ ಮಹಾಯುದ್ಧ ಬಂದಾಗ ಸೈನ್ಯಕ್ಕೆ ಡಾಕ್ಟರು ಸಾಲಲಿಲ್ಲ. ಆವರೆಗೆ ಮೇಲಿನ ಐಎಂಎಸ್ ಬೇರೆ, ಕೆಳಗಿನ ಇಂಡಿಯನ್ ಮೆಡಿಕಲ್ ಡಿಪಾರ್ಟ್‌ಮೆಂಟ್ ಬೇರೆ, ಆಸ್ಪತ್ರೆ ಸಿಬ್ಬಂದಿಯ ಹಾಸ್ಪಿಟಲ್ ಕೋರ್ ಬೇರೆ. ಒಂದೇ ಗಾಯಕ್ಕೆ ಕೈ ಹಾಕುವ ಇಬ್ಬರ ಹೆಗಲ ಮೇಲಿನ ಪಟ್ಟಿಯನ್ನು ಡಿಗ್ರಿ ಮತ್ತು ಚರ್ಮದ ಬಣ್ಣ ತೀರ್ಮಾನ ಮಾಡುತ್ತಿದ್ದವು. 1943ರ ಏಪ್ರಿಲ್ 3ಕ್ಕೆ ಈ ಮೂರನ್ನೂ ಸೇರಿಸಿ ಇಂಡಿಯನ್ ಆರ್ಮಿ ಮೆಡಿಕಲ್ ಕೋರ್ ಮಾಡಿದರು. ಇವತ್ತು ನಮ್ಮ ಹುಡುಗಿ ಸೇರುತ್ತೀನಿ ಅನ್ನುತ್ತಿರುವ ಕೋರ್ ಅದೇ.

ಆ ತಲೆಮಾರಿನ ಒಬ್ಬರ ಗುರುತು ಬೆಂಗಳೂರಿನಲ್ಲೇ ಇದೆ. ಮೇಜರ್ ಜನರಲ್ ಎಸ್.ಎಲ್. ಭಾಟಿಯಾ ಮೊದಲನೇ ಮಹಾಯುದ್ಧದಲ್ಲಿ ಮಿಲಿಟರಿ ಕ್ರಾಸ್ ಪಡೆದ ಐಎಂಎಸ್ ಡಾಕ್ಟರು. ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನ ಮೊದಲ ಭಾರತೀಯ ಡೀನ್. ನಿವೃತ್ತಿಯ ನಂತರ ಬೆಂಗಳೂರಿನಲ್ಲಿ ನೆಲೆಸಿ, ವೈದ್ಯಚರಿತ್ರೆಯ ತಮ್ಮ ಪುಸ್ತಕ ಸಂಗ್ರಹವನ್ನು ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿಗೆ ಕೊಟ್ಟರು. ಕೋರಮಂಗಲದ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡು ಬೈಯುತ್ತಾ ಕೂರುವ ನಾವು ದಿನಾ ಅದರ ಮುಂದೆಯೇ ಹೋಗುತ್ತೇವೆ.

ಸ್ವಾತಂತ್ರ್ಯ ಬಂದ ಮೇಲೆ ಬಿ.ಸಿ. ರಾಯ್ ಸಮಿತಿಯ ಸಲಹೆಯಂತೆ 1948ರ ಮೇ 1ಕ್ಕೆ ಪುಣೆಯಲ್ಲಿ ಎಎಫ್‌ಎಂಸಿ ಶುರುವಾಯಿತು. ಮೊದಲಿಗೆ ಅದು ಡಾಕ್ಟರಾದವರಿಗೆ ತರಬೇತಿ ಕೊಡುವ ಜಾಗ. ಪಿಯುಸಿ ಮುಗಿಸಿದ ಹುಡುಗರನ್ನೇ ತಗೊಂಡು ಎಂಬಿಬಿಎಸ್ ಓದಿಸಲು ಶುರು ಮಾಡಿದ್ದು 1962ರ ಆಗಸ್ಟ್ 4ಕ್ಕೆ. ಎರಡೂವರೆ ತಿಂಗಳಿಗೆ ಚೀನಾ ಯುದ್ಧ. ಮರುವರ್ಷದ ಬ್ಯಾಚಿನಲ್ಲಿ ಸೇರಿದ ಪುನೀತಾ ಅರೋರಾ 2004ರಲ್ಲಿ ದೇಶದ ಮೊದಲ ಮಹಿಳಾ ಲೆಫ್ಟಿನೆಂಟ್ ಜನರಲ್ ಆದರು. ಆ ಹುದ್ದೆಗೇರಿದ ಮೂರನೆಯವರು ಮಾಧುರಿ ಕಾನಿಟ್ಕರ್, ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ದೊಡ್ಡವ್ವನ ಮಾತಿಗೆ ಉತ್ತರ ಇಲ್ಲಿದೆ ನೋಡಿ. 1992ರಲ್ಲಿ ಸೈನ್ಯದ ಬೇರೆ ವಿಭಾಗಗಳು ಹೆಣ್ಣುಮಕ್ಕಳನ್ನು ಆಫೀಸರಾಗಿ ತಗೊಳ್ಳುವವರೆಗೂ ಅಲ್ಲಿದ್ದ ಹೆಂಗಸರು ಅಂದರೆ ಡಾಕ್ಟರು, ದಂತವೈದ್ಯರು, ನರ್ಸುಗಳು. ಗಂಡುಡುಗ್ರ ಮಿಲ್ಟ್ರಿಯೊಳಗೆ ಮೊದಲು ಕಾಲಿಟ್ಟದ್ದೇ ಈ ಕೆಲಸದವರು.

ಈ ಓದಿನಲ್ಲಿ ನನಗೆ ಬಹಳ ಹಿಡಿಸಿದ್ದು ಕೊರಿಯಾದ ಕಥೆ. 1950ರಲ್ಲಿ ಅಲ್ಲಿ ಯುದ್ಧ ಶುರುವಾದಾಗ ಭಾರತ ಬಂದೂಕು ಕಳಿಸಲಿಲ್ಲ, ಡಾಕ್ಟರುಗಳನ್ನು ಕಳಿಸಿತು. 60ನೇ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್, ಮುಂದಾಳು ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್. ಚೀನೀಯರು ನುಗ್ಗಿ ಬಂದಾಗ ಎಲ್ಲರೂ ಪ್ಯೋಂಗ್‌ಯಾಂಗ್ ಬಿಟ್ಟು ಓಡುತ್ತಿದ್ದಾರೆ, ಇವರಿಗೆ ಲಾರಿ ಇಲ್ಲ. ಸಾಮಾನೆಲ್ಲ ಸುಟ್ಟು ಹೊರಡಿ ಅಂದರೆ ಮನಸ್ಸು ಬರಲಿಲ್ಲ. ಹಳೇ ಉಗಿಬಂಡಿಯೊಂದು ಸಿಕ್ಕಿತು. ಬಕೀಟುಗಳಲ್ಲಿ ನೀರು ಹೊತ್ತು ತುಂಬಿ, ಬೆಂಕಿ ಹಾಕಿ, ಆಸ್ಪತ್ರೆಯ ಸಾಮಾನೆಲ್ಲ ಹೇರಿಕೊಂಡು ತಾವೇ ಓಡಿಸಿಕೊಂಡು ದಕ್ಷಿಣಕ್ಕೆ ಬಂದರು. 1951ರ ಮಾರ್ಚಿನಲ್ಲಿ ಅಮೆರಿಕನ್ ಪ್ಯಾರಾ ಪಡೆಯ ಜೊತೆ ಆಕಾಶದಿಂದ ಧುಮುಕಿ ಗಾಯಾಳುಗಳಿಗೆ ಚಿಕಿತ್ಸೆ ಕೊಟ್ಟರು. ರಂಗರಾಜ್‌ಗೆ ಮಹಾವೀರ ಚಕ್ರ ಬಂತು. ಶತ್ರು-ಮಿತ್ರ ಅಂತ ನೋಡದೆ, ಗಾಯದ ತೀವ್ರತೆ ನೋಡಿ ಚಿಕಿತ್ಸೆ ಕೊಡಬೇಕು ಅನ್ನೋದು ಜಿನೀವಾ ಒಪ್ಪಂದದ ಮಾತು. ಅಲ್ಲಿ ಮಾತ್ರ ರೋಗಿಯ ಯಜಮಾನಿಕೆ ದೊಡ್ಡದು.

ಎಲ್ಲಾ ದಿನವೂ ಹಾಗಿರಲ್ಲ. ಸೈನ್ಯದ ಡಾಕ್ಟರ ದಿನನಿತ್ಯದ ಕೆಲಸದಲ್ಲಿ ದೊಡ್ಡ ಪಾಲು ಸೈನಿಕನ ಮೆಡಿಕಲ್ ಕೆಟಗರಿ ನೋಡೋದು. 'ಶೇಪ್ ಒನ್' ಅಂತ ಬರೆದರೆ ಅವನು ಎಲ್ಲಿಗೆ ಬೇಕಾದರೂ ಹೋಗಲು ಫಿಟ್. ಅವನ ಎದೆಗೆ ಸ್ಟೆತಾಸ್ಕೋಪ್ ಇಟ್ಟ ಕೈಯೇ ಅವನನ್ನು ಹಿಮಕ್ಕೆ ಕಳಿಸುವ ಕಾಗದಕ್ಕೆ ಸಹಿ ಹಾಕುತ್ತೆ. ಇದನ್ನು ನಾನು ಅವಳಿಗೆ ಫೋನಿನಲ್ಲಿ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತು ಚಿಕ್ಕಪ್ಪ. ಸುಳ್ಳು ಸಿಕ್ ಸರ್ಟಿಫಿಕೇಟ್ ಕೊಡೋಕಿಂತ ಅದು ಕಷ್ಟ" ಅಂದಳು.

ಆಮೇಲೆ ನಾನು ಕೇಳದೇ ಒಂದು ವಿಷಯ ಹೇಳಿದಳು. 2016ರ ಫೆಬ್ರವರಿ. ಅವಳು ಆಗ ಎಂಟನೇ ಕ್ಲಾಸು. ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ 3ನೇ ತಾರೀಖು ಹಿಮ ಕುಸಿದು ಹತ್ತು ಜನ ಹೂತುಹೋದರು. ಹತ್ತರಲ್ಲಿ ಮೂವರು ಕರ್ನಾಟಕದವರು. ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ್, ಹಾಸನ ಜಿಲ್ಲೆ ತೇಜೂರಿನ ನಾಗೇಶ್, ನಮ್ಮ ಎಚ್.ಡಿ. ಕೋಟೆ ತಾಲ್ಲೂಕಿನ ಮಹೇಶ್. ಆರು ದಿನದ ಮೇಲೆ ಹನುಮಂತಪ್ಪ ಉಸಿರಾಡುತ್ತಾ ಸಿಕ್ಕಿದ್ದು, ಇಡೀ ರಾಜ್ಯ ಟಿವಿ ಮುಂದೆ ಕೂತು ಬೇಡಿಕೊಂಡಿದ್ದು ನಿಮಗೂ ನೆನಪಿರುತ್ತೆ. ಸೇನೆಯ ವೈದ್ಯರು ಬಿಸಿ ಮಾಡಿದ ಡ್ರಿಪ್, ಬೆಚ್ಚಗಿನ ಆಕ್ಸಿಜನ್ ಕೊಟ್ಟು, ಮೈ ಬೆಚ್ಚಗೆ ಮಾಡುತ್ತಾ ದೆಹಲಿಯವರೆಗೆ ಜೀವ ತಂದರು. 11ನೇ ತಾರೀಖು ಆತ ತೀರಿಕೊಂಡ.

"ಎಲ್ರಿಗೂ ಹನುಮಂತಪ್ಪ ನೆನಪಿದಾರೆ. ನಮ್ ಕಡೆಯವ್ರಿಗೆ ಮಹೇಶ್ ನೆನಪಿದಾರೆ. ನಂಗೆ ಆ ಪಟ್ಟೀಲಿದ್ದ ಕೊನೇ ಹೆಸ್ರು ನೆನಪಿದೆ. ಸೂರ್ಯವಂಶಿ ಅಂತ, ನರ್ಸಿಂಗ್ ಅಸಿಸ್ಟೆಂಟ್."

ನಾನು ಹುಡುಕಿ ನೋಡಿದೆ. ಸಿಪಾಯಿ ಸುನಿಲ್ ಸೂರ್ಯವಂಶಿ, ಮಹಾರಾಷ್ಟ್ರದ ಸಾತಾರಾ ಜಿಲ್ಲೆಯವರು. ಅಂಥ ತುದಿಯ ಠಾಣೆಯಲ್ಲಿ ಡಾಕ್ಟರು ಇರುವುದಿಲ್ಲ, ನರ್ಸಿಂಗ್ ಅಸಿಸ್ಟೆಂಟೇ ಅಲ್ಲಿಯ ಡಾಕ್ಟರು. ಉಳಿದವರ ಕಾಲ್ಬೆರಳು ಕಪ್ಪಾಗುತ್ತಿದೆಯಾ, ಯಾರಿಗೆ ತಲೆನೋವು, ಯಾರು ಮಾತು ತೊದಲುತ್ತಿದ್ದಾರೆ ಅಂತ ದಿನಾ ನೋಡುವವನು. ಎತ್ತರದಲ್ಲಿ ಆ ಸಣ್ಣ ಲಕ್ಷಣಗಳೇ ಜೀವ ತೆಗೆಯುವ ಕಾಯಿಲೆಯ ಮೊದಲ ಸುಳಿವು. ಇದನ್ನು ಎಂಟನೇ ಕ್ಲಾಸಿನ ಹುಡುಗಿ ಮನಸ್ಸಲ್ಲಿಟ್ಟುಕೊಂಡಿದ್ದಳು. ಹಿತ್ತಲಲ್ಲಿ ನಾನು ಕೇಳಿದಾಗ ಯಾಕೆ ಹೇಳಲಿಲ್ಲ ಅಂದೆ. "ಅದನ್ನ ಹೇಳಿದ್ರೆ ಅಮ್ಮ ಅಳ್ತಾರೆ. ಸಂಬಳ ಅಂದ್ರೆ ಬೈತಾರೆ ಅಷ್ಟೆ."

ಮೊದಲ ದಿನ ನನಗೆ ಬೇಜಾರಾಗಿತ್ತಲ್ಲ, ಅದನ್ನು ನೆನೆದು ನಾಚಿಕೆಯಾಯಿತು. ಸಂಬಳದ ಮಾತೂ ಸುಳ್ಳಲ್ಲ, ಇದೂ ಸುಳ್ಳಲ್ಲ. ಬುಕಾನನ್‌ಗೆ ಹೊಟ್ಟೆಪಾಡೂ ಇತ್ತು, ಗಿಡವೂ ಇತ್ತು.

ದಾರಿಯ ವಿವರ ಬೇಕಾದವರಿಗೆ ಚಿಕ್ಕದಾಗಿ ಹೇಳಿಬಿಡ್ತೀನಿ. ಕಾಲೇಜು ವಯಸ್ಸಿನಲ್ಲಿ ಇದಕ್ಕೆ ಎರಡು ತಿರುವು ಸಿಗುತ್ತವೆ. ಮೊದಲನೆಯದು 17-18ಕ್ಕೆ. ನೀಟ್ ಬರೆದು, ಎಎಫ್‌ಎಂಸಿಯ ಪಟ್ಟಿಯಲ್ಲಿ ಹೆಸರು ಬಂದರೆ ಇಂಗ್ಲಿಷ್ ಮತ್ತು ತರ್ಕದ ಪರೀಕ್ಷೆ, ಸಂದರ್ಶನ, ದೇಹಪರೀಕ್ಷೆ. ಹುಡುಗಿಯರಿಗೆ ಇಡೀ ದೇಶಕ್ಕೆ 30 ಸೀಟು. ಓದು ಉಚಿತ, ಮುಗಿದ ಮೇಲೆ ಸೇವೆ ಕಡ್ಡಾಯ, ಬೇಡ ಅಂದರೆ ಲಕ್ಷಗಟ್ಟಲೆ ಬಾಂಡ್ ಹಣ ಕಟ್ಟಬೇಕು. ನಮ್ಮ ಹುಡುಗಿಗೆ 2020ರಲ್ಲಿ ಆ ತಿರುವು ಬಂದಾಗ ಅತ್ತಿಗೆ ಅಡ್ಡ ನಿಂತರು. ಎರಡನೆಯದು ಎಂಬಿಬಿಎಸ್, ಇಂಟರ್ನ್‌ಶಿಪ್ ಮುಗಿಸಿ, ಮೆಡಿಕಲ್ ಕೌನ್ಸಿಲ್ ನೋಂದಣಿಯಾದ ಮೇಲೆ. ಅದೇ ಶಾರ್ಟ್ ಸರ್ವಿಸ್ ಕಮಿಷನ್. ದೆಹಲಿಯಲ್ಲಿ ಸಂದರ್ಶನ, ದೇಹಪರೀಕ್ಷೆ. ಸೇರುವಾಗಲೇ ಕ್ಯಾಪ್ಟನ್, ಲಖನೌದಲ್ಲಿ ತರಬೇತಿ. 5 ವರ್ಷದ ಸೇವೆ, ಇಷ್ಟವಿದ್ದರೆ ಇನ್ನೂ 9 ವರ್ಷ. ಮೊದಲನೆಯದರಲ್ಲಿ ಮಕ್ಕಳ ಪರವಾಗಿ ಅಪ್ಪ-ಅಮ್ಮ ಆರಿಸುತ್ತಾರೆ. ಎರಡನೆಯದರಲ್ಲಿ ಡಾಕ್ಟರೇ ಆರಿಸಬಹುದು. ನನ್ನ ಕೇಳಿದರೆ ಎರಡನೆಯದೇ ವಾಸಿ, ಆದರೆ ನಾನು ಟ್ರಂಕಿನಲ್ಲಿ ಅರ್ಜಿ ಇಟ್ಟವನು.

ದೀಪಾವಳಿಗೆ ಮತ್ತೆ ಊರಿಗೆ ಹೋದೆ. ಇಷ್ಟೆಲ್ಲ ಓದಿಕೊಂಡು ಹೋಗಿದ್ದ ನನ್ನನ್ನು ದೊಡ್ಡವ್ವ ಒಂದೇ ಪ್ರಶ್ನೆಗೆ ಕೆಡವಿದರು. "ಎಲ್ರೂ ಡಾಕ್ಟ್ರು ಓದ್ಕಂಡ್ ಹೋಯ್ತರೆ. ನಮ್ಮೂರ್ಗೆ ಯಾವೋಳ್ ಬತ್ತಾಳ್ಲಾ?"

ಇದಕ್ಕೆ ಉತ್ತರ ಕೊಟ್ಟವರೂ ಇದೇ ತಾಲ್ಲೂಕಿನ ಚರಿತ್ರೆಯಲ್ಲಿದ್ದಾರೆ. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಓದುತ್ತಿದ್ದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿ, ಆಮೇಲೆ ಎಚ್.ಡಿ. ಕೋಟೆಯ ಹಾಡಿಗಳಿಗೆ ಬಂದರು. ಕಾಡಿನಿಂದ, ಕಬಿನಿ ಹಿನ್ನೀರಿನಿಂದ ಎತ್ತಂಗಡಿಯಾದ ಜೇನುಕುರುಬರ, ಕಾಡುಕುರುಬರ ನಡುವೆ ಕೆಲಸ ಶುರು ಮಾಡಿದರು. ಕೆಂಚನಹಳ್ಳಿಯಲ್ಲಿ, ಸರಗೂರಿನಲ್ಲಿ ಆಸ್ಪತ್ರೆ ಕಟ್ಟಿದರು. ಅವರೂ ಆರಿಸಿಕೊಂಡದ್ದು ಕಾಲೇಜಿನಲ್ಲಿರುವಾಗಲೇ, ಅದೇ ಹುಡುಗಿ ಇವತ್ತು ಓಡಾಡುವ ಮೈಸೂರಿನಲ್ಲೇ. ಸೈನ್ಯ ಬೇಡ, ಇಲ್ಲೇ ಇರು ಅಂತ ಹೇಳಲು ಇದಕ್ಕಿಂತ ಒಳ್ಳೇ ಉದಾಹರಣೆ ಇಲ್ಲ. ಇದನ್ನು ಅವಳ ಮುಂದೆ ಇಟ್ಟೆ ಕೂಡ.

"ಅವ್ರು ಗುಂಪಾಗಿ ಬಂದ್ರು ಚಿಕ್ಕಪ್ಪ. ನಾನು ಒಬ್ಳೇ ಬಂದ್ರೆ ಪಿಎಚ್‌ಸಿಲಿ ಔಷಧಿ ಇಲ್ಲ ಅಂತ ಬೈಸ್ಕೊಂಡು ಕೂತಿರ್ತೀನಿ. ಐದು ವರ್ಷ ಹೋಗಿ, ಕೈ ಪಳಗಿಸ್ಕೊಂಡು ಬರ್ತೀನಿ."

ಬರ್ತಾಳಾ? ನನಗೆ ಗೊತ್ತಿಲ್ಲ. ದೊಡ್ಡವ್ವನಿಗೆ ಬರ್ತಾಳೆ ಅಂತಲೇ ಹೇಳಿದೆ.

ಆ ರಾತ್ರಿ ಅಣ್ಣನ ಜೊತೆ ಬ್ಯಾರನ್ ಮುಂದೆ ಕೂತಿದ್ದೆ. ಆ ವರ್ಷದ ಕೊನೇ ಸೊಪ್ಪು ಒಳಗೆ ಬೇಯುತ್ತಿತ್ತು. ಈ ಹಂತದಲ್ಲಿ ಉರಿ ಒಂದು ಹದಕ್ಕಿಂತ ಹೆಚ್ಚಾಗಬಾರದು, ಕಡಿಮೆಯೂ ಆಗಬಾರದು. ರಾತ್ರಿಯೆಲ್ಲ ಎದ್ದಿರಬೇಕು. ತಿಂಗಳಿಂದ ಮಗಳ ವಿಷಯಕ್ಕೆ ಬಾಯಿ ಬಿಡದವನು ಥರ್ಮಾಮೀಟರ್ ಮೇಲೆ ಟಾರ್ಚ್ ಬಿಟ್ಟು ನೋಡಿ, ಒಂದು ಸೌದೆ ಒಳಕ್ಕೆ ತಳ್ಳಿದ.

"ಐದು ವರ್ಸ ಅಲ್ವಾ ಅವ್ಳು ಅನ್ನೋದು?"

"ಹೂಂ. ಮೊದಲಿಗೆ ಐದು."

"ಐದು ಬೆಳೆ" ಅಂದ ಅಣ್ಣ. ಬೆರಳು ಮಡಚಿ ಲೆಕ್ಕ ಹಾಕಿದ. ಆಮೇಲೆ ಕೇಳಿದ, "ಅಲ್ಲಿ ಚಳಿ ಜಾಸ್ತಿ ಅಂತಾರೆ. ಕಂಬ್ಳಿ ಅವ್ರೇ ಕೊಡ್ತಾರಾ, ನಾವೇ ಕಳಿಸ್ಬೇಕಾ?"